ಕಾಂಗ್ರೆಸ್ ಗಿಡ ಮತ್ತು ಪಟ್ಟೆ ದುಂಬಿ: ಮೊದಲು ಏಳುವವರು ಯಾರು?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯಲ್ಲಿ ಮಳೆಯಾಶ್ರಿತ ಹೊಲ. ಬದುಗಳ ಮೇಲೂ ಬೇಲಿಸಾಲಿನಲ್ಲೂ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ತುಂಬಿಕೊಂಡಿದೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಕಂದು ಪಟ್ಟೆಯಿರುವ ಸಣ್ಣ ಬಿಳಿ ದುಂಬಿಗಳು ಬಂದು ಎಲೆಯನ್ನೆಲ್ಲ ತಿಂದು ಕಡ್ಡಿ ಮಾತ್ರ ಉಳಿಸಿದ್ದವು. ಪೀಡೆ ತೊಲಗಿತು ಎಂದುಕೊಂಡೆವು. ಈ ವರ್ಷ ಜೂನ್‌ನಲ್ಲಿ ನೋಡಿದರೆ ಅದೇ ಜಾಗದಲ್ಲಿ ಮೊದಲಿನಷ್ಟೇ ದಟ್ಟವಾಗಿ ಹೂ ಬಿಟ್ಟು ನಿಂತಿದೆ, ದುಂಬಿಯ ಸುಳಿವೇ ಇಲ್ಲ. ಈ ಎರಡರಲ್ಲಿ ಬಲಶಾಲಿ ಯಾವುದು? ದುಂಬಿಗಳನ್ನು ಬೇರೆಡೆಯಿಂದ ಹಿಡಿದು ತಂದು ಬಿಡಬಹುದೇ? ಪಕ್ಕದಲ್ಲಿ ಸೂರ್ಯಕಾಂತಿ ಹಾಕುತ್ತೇವೆ, ಅದಕ್ಕೆ ಅಪಾಯವಿದೆಯೇ?

ಉತ್ತರ: ನೀವು ಆಗಸ್ಟ್‌ನಲ್ಲಿ ಕಂಡದ್ದೂ ನಿಜ, ಜೂನ್‌ನಲ್ಲಿ ಕಂಡದ್ದೂ ನಿಜ. ಒಂದು ಕೀಟವನ್ನೂ ಒಂದು ಹೂಬಿಡುವ ಸಸ್ಯವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಒಂದಕ್ಕೆ ಕಾಲೂ ರೆಕ್ಕೆಯೂ ಇವೆ, ಇನ್ನೊಂದು ಬೇರೂರಿದ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಈ ಜೋಡಿಯ ಮಟ್ಟಿಗೆ ಅಂಥ ಹೋಲಿಕೆಗೆ ಗಟ್ಟಿಯಾದ ಆಧಾರವಿದೆ. ಎರಡೂ ಒಂದೇ ಮಳೆಯನ್ನು ನಂಬಿ ಬದುಕುತ್ತವೆ, ಎರಡೂ ಸುಮಾರು ಒಂದು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ, ಎರಡೂ ಬೇಸಗೆಯನ್ನು ಮಣ್ಣಿನೊಳಗೆ ಕಳೆಯುತ್ತವೆ. ಆದ್ದರಿಂದ ದಿನಗಳ ಲೆಕ್ಕ, ಸಂತಾನದ ಲೆಕ್ಕ ಮತ್ತು ನಿದ್ದೆಯ ಲೆಕ್ಕಗಳನ್ನು ಎರಡಕ್ಕೂ ಒಂದೇ ಪುಸ್ತಕದಲ್ಲಿ ಬರೆಯಬಹುದು. ಹಾಗೆ ಬರೆದಾಗ ತಿನ್ನುವ ಶಕ್ತಿಯಲ್ಲಿ ದುಂಬಿಗೆ ಕೊರತೆಯೇನೂ ಕಾಣುವುದಿಲ್ಲ. ಅದು ಸೋಲುವುದು ಏಳುವ ಹೊತ್ತಿನಲ್ಲಿ.

ಮೊದಲು ಹೆಸರುಗಳ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ನಮ್ಮ ಕಾವ್ಯಗಳ ದುಂಬಿ ಮಕರಂದ ಹೀರುವ ಭ್ರಮರ; ಕೃಷಿ ಬರಹಗಳ ದುಂಬಿ ಗಟ್ಟಿ ಹೊರರೆಕ್ಕೆಯ ಬೀಟಲ್, ಅಂದರೆ ಜೀರುಂಡೆಯ ಬಳಗದ್ದು. ನಿಮ್ಮ ಬೇಲಿಯಲ್ಲಿ ಕಂಡದ್ದು ಈ ಎರಡನೆಯದು. ಮೆಕ್ಸಿಕನ್ ದುಂಬಿ ಎಂದು ನಮ್ಮಲ್ಲಿ ಕರೆಯುವ ಇದರ ವೈಜ್ಞಾನಿಕ ಹೆಸರು ಝೈಗೋಗ್ರಾಮಾ ಬೈಕಲರೇಟಾ. ಎಲೆ ತಿನ್ನುವ ದುಂಬಿಗಳ ಕುಟುಂಬವಾದ ಕ್ರೈಸೋಮೆಲಿಡೆಗೆ ಇದು ಸೇರುತ್ತದೆ. ಅಮೆರಿಕ ಮತ್ತು ಯುರೋಪಿನ ಆಲೂಗಡ್ಡೆ ಬೆಳೆಗಾರರ ನಿದ್ದೆಗೆಡಿಸಿದ ಕೊಲರಾಡೋ ದುಂಬಿಯೂ ಇದರ ಹತ್ತಿರದ ನೆಂಟ. ಗಿಡದ ಹೆಸರು ಪಾರ್ಥೇನಿಯಂ ಹಿಸ್ಟೆರೋಫೋರಸ್. ಅದು ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳುಗಳ ಕುಟುಂಬಕ್ಕೆ ಸೇರಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ 1753ರಲ್ಲಿ ಹೆಸರಿಟ್ಟರೆ, ದುಂಬಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಸರಿಯಾಗಿ ಇನ್ನೂರು ವರ್ಷಗಳ ನಂತರ, 1953ರಲ್ಲಿ. ತಡವಾಗಿ ಬರುವುದು ಇದರ ಹಣೆಬರಹವೆಂದು ತೋರುತ್ತದೆ.

ಎರಡರ ತವರೂ ಮೆಕ್ಸಿಕೋ ಕಡೆಯದು. ಆದರೆ ಇಲ್ಲಿಗೆ ಬಂದ ದಾರಿಗಳು ಬೇರೆ. ಗಿಡ ಯಾರ ಅಪ್ಪಣೆಯನ್ನೂ ಕೇಳದೆ ಬಂತು. 1955ರ ಸುಮಾರಿಗೆ ಪುಣೆಯಲ್ಲಿ ಅದು ಕಳೆಯಾಗಿ ಗಮನಕ್ಕೆ ಬಂದಿತೆಂದೂ, ಅಮೆರಿಕದಿಂದ ಆಮದಾದ ಗೋಧಿಯ ಜೊತೆ ಅದರ ಬೀಜ ಸೇರಿಕೊಂಡು ಬಂದಿತೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಅಲ್ಲಿಂದ ಎರಡು ದಶಕಗಳಲ್ಲಿ ಅದು ಕರ್ನಾಟಕವನ್ನು ಎಷ್ಟರಮಟ್ಟಿಗೆ ಆವರಿಸಿತೆಂದರೆ, 1975ರಲ್ಲಿ ರಾಜ್ಯ ಸರ್ಕಾರ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಬೇಕಾಯಿತು. ಗಿಡಕ್ಕೆ ಗೆಜೆಟ್ ಓದುವ ಅಭ್ಯಾಸವಿಲ್ಲವಾದ್ದರಿಂದ ಅದು ತನ್ನ ಪಾಡಿಗೆ ಹಬ್ಬುತ್ತಲೇ ಹೋಯಿತು. ದುಂಬಿಯಾದರೋ ಕಾಗದಪತ್ರಗಳ ಸಮೇತ ಬಂದ ಅತಿಥಿ. 1983ರಲ್ಲಿ ಮೆಕ್ಸಿಕೋದಿಂದ ಅದನ್ನು ಬೆಂಗಳೂರಿಗೆ ತರಿಸಲಾಯಿತು. ಬೆಳೆಗಳನ್ನು ತಿನ್ನುತ್ತದೆಯೇ ಎಂಬುದನ್ನು ಮುಚ್ಚಿದ ಪಂಜರಗಳಲ್ಲಿ ಪರೀಕ್ಷಿಸಿದ ಬಳಿಕ 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಡಲಾಯಿತು. ಈ ಕೆಲಸದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟತಜ್ಞ ಕೆ.ಪಿ. ಜಯಂತ್ ಮತ್ತು ಅವರ ಸಹೋದ್ಯೋಗಿಗಳ ಪಾತ್ರ ದೊಡ್ಡದು. ಮೊದಲ ಕೆಲವು ವರ್ಷ ದುಂಬಿ ಇದೆಯೋ ಇಲ್ಲವೋ ಎಂಬಂತಿತ್ತು. 1988ರ ವೇಳೆಗೆ ಅದರ ಸಂಖ್ಯೆ ಏಕಾಏಕಿ ಏರಿ, ಬೆಂಗಳೂರಿನ ಸುತ್ತ ಖಾಲಿ ನಿವೇಶನಗಳ ಪಾರ್ಥೇನಿಯಂ ಎಲೆಯಿಲ್ಲದೆ ನಿಂತಿತು.

ಈಗ ಗಿಡವನ್ನು ಹತ್ತಿರದಿಂದ ನೋಡಿ. ಒಂದು ಹೂವನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡರೆ (ಚರ್ಮದ ಅಲರ್ಜಿ ಇರುವವರು ದಯವಿಟ್ಟು ಮುಟ್ಟಬೇಡಿ) ಅದು ನಾಲ್ಕೈದು ಮಿಲಿಮೀಟರ್ ಅಗಲದ, ಐದು ಮೂಲೆಗಳ ಬಿಳಿ ಗುಂಡಿಯಂತೆ ಕಾಣುತ್ತದೆ. ನಾವು ಹೂವು ಎನ್ನುವುದು ನಿಜದಲ್ಲಿ ಹತ್ತಾರು ಕಿರುಹೂಗಳ ಒಂದು ಪುಟ್ಟ ಚೆಂಡು. ನಡುವೆ ಒತ್ತಾಗಿರುವ ಕಿರುಹೂಗಳೆಲ್ಲ ಗಂಡು. ಅವುಗಳ ಕೆಲಸ ಪರಾಗ ಉದುರಿಸುವುದಷ್ಟೇ. ಅಂಚಿನ ಐದು ಮೂಲೆಗಳಲ್ಲಿರುವ ಐದು ಕಿರುಹೂಗಳು ಮಾತ್ರ ಹೆಣ್ಣು, ಮತ್ತು ಪ್ರತಿಯೊಂದರಲ್ಲೂ ಆಗುವುದು ಒಂದೇ ಬೀಜ. ಅಂದರೆ ಒಂದು ಹೂಚೆಂಡಿಗೆ ಹೆಚ್ಚೆಂದರೆ ಐದು ಬೀಜ. ಇಷ್ಟು ಜಿಪುಣತನದ ಹೂವಿನಿಂದ ದೇಶವನ್ನೇ ಮುಚ್ಚಿದ್ದು ಹೇಗೆ ಎಂದು ಕೇಳಿದರೆ, ಹೂಚೆಂಡುಗಳ ಸಂಖ್ಯೆಯಲ್ಲಿ ಅದರ ಉತ್ತರವಿದೆ. ಚೆನ್ನಾಗಿ ಬೆಳೆದ ಒಂದು ಗಿಡ 10,000ದಿಂದ 25,000 ಬೀಜ ಕೊಡುತ್ತದೆ. 20,000 ಬೀಜವೆಂದರೆ ಕನಿಷ್ಠ 4,000 ಹೂಚೆಂಡುಗಳು. ಮೊಳೆತ ನಾಲ್ಕರಿಂದ ಎಂಟು ವಾರಗಳೊಳಗೆ ಹೂ ಬಿಡಲು ಆರಂಭಿಸುವ ಈ ಗಿಡಕ್ಕೆ ಇಂಥದ್ದೇ ಋತು ಬೇಕೆಂಬ ಹಟವಿಲ್ಲ. ಮಣ್ಣಿನಲ್ಲಿ ಪಸೆ ಇದ್ದರೆ ಸಂಕ್ರಾಂತಿಗೂ ಹೂ ಬಿಡುತ್ತದೆ, ದೀಪಾವಳಿಗೂ ಬಿಡುತ್ತದೆ.

ದುಂಬಿಯನ್ನು ನೋಡಬೇಕಾದರೆ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೋಗಿ, ಗಿಡದ ತುದಿಯ ಎಲೆಯನ್ನು ಮೆಲ್ಲಗೆ ಮಗುಚಿ. ಸುಮಾರು ಆರು ಮಿಲಿಮೀಟರ್ ಉದ್ದದ, ಕೆನೆಬಣ್ಣದ ಬೆನ್ನಿನ ಮೇಲೆ ಕಡು ಕಂದು ಶಾಯಿಯಲ್ಲಿ ಕೈ ನಡುಗುತ್ತಾ ಎಳೆದಂಥ ಉದ್ದುದ್ದ ಗೆರೆಗಳಿರುವ ಜೀವಿ ಅಲ್ಲಿ ಕುಳಿತಿರುತ್ತದೆ. ಬೆರಳು ಸೋಕಿದೊಡನೆ ಕಾಲು ಮಡಚಿ ನೆಲಕ್ಕೆ ಉದುರಿ ಸತ್ತಂತೆ ನಟಿಸುವುದೂ ಉಂಟು. ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಒಂಟಿಯಾಗಿಯೋ ಸಣ್ಣ ಗುಂಪಾಗಿಯೋ ಅಂಟಿಕೊಂಡಿರುತ್ತವೆ. ನಾಲ್ಕೈದು ದಿನದಲ್ಲಿ ಮೊಟ್ಟೆಯೊಡೆದು ಬರುವ ಮರಿಹುಳುಗಳು ಮಾಡುವ ಮೊದಲ ಕೆಲಸವೇ ಗಿಡಕ್ಕೆ ಅತ್ಯಂತ ದುಬಾರಿಯಾದದ್ದು: ಅವು ಅಗಲವಾದ ಎಲೆಗಳನ್ನು ಬಿಟ್ಟು ಗಿಡದ ತುದಿಯ ಮತ್ತು ಎಲೆಕಂಕುಳಿನ ಮೊಗ್ಗುಗಳೊಳಗೆ ನುಗ್ಗುತ್ತವೆ. ಎಲೆ ಹೋದರೆ ಗಿಡ ಇನ್ನೊಂದು ಎಲೆ ಚಿಗುರಿಸಿಕೊಳ್ಳಬಹುದು, ಆದರೆ ಮೊಗ್ಗು ಹೋದರೆ ಆ ಕೊಂಬೆಯ ಹೂವೂ ಹೋದಂತೆ. ಸುಮಾರು ಎರಡು ವಾರ ತಿಂದು ಕೊಬ್ಬಿದ ಹುಳು ಗಿಡದಿಂದಿಳಿದು ಮಣ್ಣಿನೊಳಗೆ ಹೊಕ್ಕು ಕೋಶವಾಗುತ್ತದೆ, ಇನ್ನು ಒಂಬತ್ತು ಹತ್ತು ದಿನಕ್ಕೆ ದುಂಬಿಯಾಗಿ ಮೇಲೆ ಬರುತ್ತದೆ. ಮೊಟ್ಟೆಯಿಂದ ದುಂಬಿಯವರೆಗೆ ಒಟ್ಟು ನಾಲ್ಕು ವಾರ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಸುಮಾರು 2,000 ಮೊಟ್ಟೆಗಳವರೆಗೆ ಇಡಬಲ್ಲದು.

ಎರಡರ ಬೆಳವಣಿಗೆಯ ವೇಗ ಹೆಚ್ಚು ಕಡಿಮೆ ಒಂದೇ ಎಂಬುದು ಇಲ್ಲಿಗೆ ನಿಮಗೆ ಗೊತ್ತಾಗಿರುತ್ತದೆ. ಸಂತಾನದ ಲೆಕ್ಕದಲ್ಲಿ ಮಾತ್ರ ಗಿಡ ಹತ್ತು ಪಟ್ಟು ಮುಂದೆ. ಆದರೆ 20,000ಕ್ಕೆ 2,000 ಎಂದು ಲೆಕ್ಕ ಹಾಕಿ ತೀರ್ಪು ಕೊಡುವುದು ಅವಸರವಾದೀತು, ಏಕೆಂದರೆ ಬೀಜಕ್ಕೂ ಮೊಟ್ಟೆಗೂ ಇರುವ ನಿಜವಾದ ವ್ಯತ್ಯಾಸ ಸಂಖ್ಯೆಯದ್ದಲ್ಲ. ಮೊಟ್ಟೆ ಕಾಯಲಾರದು. ಇಟ್ಟ ವಾರದೊಳಗೆ ಅದು ಒಡೆಯಲೇಬೇಕು, ಒಡೆದ ಗಳಿಗೆಯಲ್ಲಿ ಎಳೆಯ ಪಾರ್ಥೇನಿಯಂ ಎಲೆ ಬಾಯಿಗೆ ಸಿಗಲೇಬೇಕು, ಮತ್ತು ಆ ಎರಡು ವಾರಗಳಲ್ಲಿ ಇರುವೆಗಳ ಹಾಗೂ ಬೇರೆ ಪರಭಕ್ಷಕಗಳ ಕಣ್ಣು ತಪ್ಪಬೇಕು. ಆಂಡ್ರಾಲಸ್ ಸ್ಪಿನಿಡೆನ್ಸ್ ಎಂಬ ತಿಗಣೆ ಈ ಹುಳುಗಳಿಗೆ ಸೂಜಿಯಂಥ ಮೂತಿ ಚುಚ್ಚಿ ಹೀರುವುದು ನಮ್ಮ ಹೊಲಗಳಲ್ಲೇ ದಾಖಲಾಗಿದೆ. ಬೀಜಕ್ಕೆ ಈ ಯಾವ ತುರ್ತೂ ಇಲ್ಲ. ಎರಡು ಮಿಲಿಮೀಟರಿನ ಆ ಕಪ್ಪು ಬೀಜ ಮಣ್ಣಿನಡಿ ಹೂತುಹೋದರೆ ನಾಲ್ಕಾರು ವರ್ಷವಾದರೂ ಜೀವ ಹಿಡಿದಿರುತ್ತದೆ; ಅಷ್ಟರಲ್ಲಿ ಟ್ರ್ಯಾಕ್ಟರಿನ ಚಕ್ರಕ್ಕೆ ಅಂಟಿಕೊಂಡು, ಮಳೆನೀರಿನಲ್ಲಿ ತೇಲಿಕೊಂಡು, ಕೊಟ್ಟಿಗೆ ಗೊಬ್ಬರದ ಗಾಡಿಯೇರಿ ಪಕ್ಕದ ಊರಿಗೂ ಹೋಗಿಬಿಡುತ್ತದೆ. ನಿಮ್ಮ ಬದುವಿನ ಒಂದು ಗಿಡದ ಬೀಜಗಳಲ್ಲಿ ಹತ್ತಕ್ಕೆ ಒಂಬತ್ತು ಭಾಗವನ್ನು ದುಂಬಿ ತಪ್ಪಿಸಿತೆಂದೇ ಇಟ್ಟುಕೊಳ್ಳಿ. ಇಪ್ಪತ್ತು ಸಾವಿರದಲ್ಲಿ ಇನ್ನೂ ಎರಡು ಸಾವಿರ ಉಳಿಯಿತು. ಆ ಜಾಗವನ್ನು ಮತ್ತೆ ತುಂಬಲು ಅಷ್ಟು ಧಾರಾಳವಾಗಿ ಸಾಕು. ಕಳೆದ ವರ್ಷಗಳಲ್ಲಿ ಉದುರಿ ಮಣ್ಣು ಸೇರಿದ ಬೀಜಗಳ ಮಾತು ಬೇರೆಯೇ ಇದೆ.

ಇನ್ನು ನಿದ್ದೆಯ ವಿಷಯ. ನಿಮ್ಮ ಪ್ರಶ್ನೆಯ ಕೀಲಿ ಇರುವುದು ಇಲ್ಲಿ. ಮಳೆಗಾಲ ಇಳಿಮುಖವಾಗುತ್ತಿದ್ದಂತೆ ಬೆಳೆದ ದುಂಬಿಗಳು ಒಂದೊಂದಾಗಿ ತಿನ್ನುವುದನ್ನು ನಿಲ್ಲಿಸಿ, ಗಿಡದ ಬುಡದ ಆಸುಪಾಸಿನ ಮಣ್ಣಿನೊಳಗೆ ಇಳಿದು, ಸುಪ್ತಾವಸ್ಥೆಗೆ ಹೋಗುತ್ತವೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಗಿಡದ ಮೇಲೆ ದುಂಬಿ ಕಾಣುವುದು ಅಪರೂಪ. ಕಾಲುವೆಯ ಅಂಚಿನಲ್ಲೋ ಬಚ್ಚಲ ನೀರು ಹರಿಯುವಲ್ಲೋ ಹಸಿರು ಪಾರ್ಥೇನಿಯಂ ಕೈಗೆಟುಕುವಂತೆ ನಿಂತಿದ್ದರೂ ಅವು ಏಳುವುದಿಲ್ಲ. ಹಸಿವಾದರೆ ಎಚ್ಚರವಾಗುವಂಥ ನಿದ್ದೆ ಅದಲ್ಲ. ಒಮ್ಮೆ ಮಾರ್ಚ್‌ನಲ್ಲಿ, ಹಿಂದಿನ ವರ್ಷ ದುಂಬಿಗಳು ದಟ್ಟವಾಗಿದ್ದ ಒಂದು ಬದುವಿನಲ್ಲಿ ಗಟ್ಟಿಗೊಂಡ ಕೆಂಪು ಮಣ್ಣನ್ನು ಕುರ್ಚಿಗೆಯಿಂದ ಎಬ್ಬಿಸಿ ಹೆಂಟೆಗಳನ್ನು ಕೈಯಲ್ಲೇ ಒಡೆದು ನೋಡಿದ್ದೆ. ಒಂದು ಹೆಂಟೆಯ ನಡುವೆ, ತನ್ನ ಅಳತೆಗೇ ಮಾಡಿಸಿಕೊಂಡಂಥ ನುಣುಪಾದ ಗೂಡಿನಲ್ಲಿ, ಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡ ದುಂಬಿಯೊಂದಿತ್ತು. ಬಿಸಿಲಿಗೆ ಹಿಡಿದರೂ ಅದು ಅಲುಗಲಿಲ್ಲ; ಬಹಳ ಹೊತ್ತಿನ ಮೇಲೆ ಒಂದು ಮೀಸೆ ಮಾತ್ರ ಸ್ವಲ್ಪ ಆಡಿತು.

ಈ ಸ್ಥಿತಿಯಲ್ಲಿ ಅದು ಆರು ತಿಂಗಳಷ್ಟು ಕಾಲ ಇರಬಲ್ಲದು; ಮುಂಗಾರು ಮಣ್ಣನ್ನು ಚೆನ್ನಾಗಿ ನೆನೆಸಿದ ಮೇಲೆಯೇ ಹೊರಬರುತ್ತದೆ. ಬೀಜ ಅಷ್ಟು ಮಳೆಗಾಗಿ ಕಾಯುವುದಿಲ್ಲ. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂದು ನಮ್ಮಲ್ಲಿ ಗಾದೆಯುಂಟಲ್ಲ, ಅದು ಕಾಂಗ್ರೆಸ್ ಗಿಡಕ್ಕೂ ಅಕ್ಷರಶಃ ಸಲ್ಲುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರಗಳ ಒಂದೆರಡು ಅಡ್ಡಮಳೆಗೇ ಮೇಲ್ಮಣ್ಣಿನ ಬೀಜಗಳು ಮೊಳೆತು, ನೆಲಕ್ಕೆ ಅಂಟಿದ ಎಲೆಚಕ್ರವಾಗಿ ಹರಡಿ ಸುತ್ತಲಿನ ಹುಲ್ಲನ್ನು ಒತ್ತರಿಸಿಬಿಡುತ್ತವೆ. ರೋಹಿಣಿ, ಮೃಗಶಿರಗಳ ಹೊತ್ತಿಗೆ ಕಾಂಡ ಎದ್ದು ಮೊದಲ ಹೂವು ಬಂದಿರುತ್ತದೆ. ದುಂಬಿಗಳಲ್ಲಿ ಕೆಲವು ಮೇ ಕೊನೆಗೇ ಎದ್ದರೂ ಹೆಚ್ಚಿನವು ಕಾಣಿಸಿಕೊಳ್ಳುವುದು ಜೂನ್‌ನಲ್ಲಿ. ಆಗ ಅವುಗಳ ಸಂಖ್ಯೆ ಅತ್ಯಲ್ಪ, ಆದ್ದರಿಂದಲೇ ನಿಮಗೆ ಸುಳಿವು ಸಿಗಲಿಲ್ಲ. ಅವು ಹೊಟ್ಟೆ ತುಂಬಿಸಿಕೊಂಡು ಮೊಟ್ಟೆಯಿಟ್ಟು, ಆ ಮೊಟ್ಟೆಗಳು ದುಂಬಿಗಳಾಗುವಾಗ ಪುನರ್ವಸು ಮುಗಿದು ಪುಷ್ಯ ಹಿಡಿದಿರುತ್ತದೆ. ಆ ದುಂಬಿಗಳ ಮಕ್ಕಳು ಎಲೆ ತಿನ್ನುವುದು ಆಶ್ಲೇಷ, ಮಖೆಯ ಕಾಲದಲ್ಲಿ. ನೀವು ಆಗಸ್ಟ್‌ನಲ್ಲಿ ಕಂಡ ದಂಡು ಬಹುಮಟ್ಟಿಗೆ ಇದು. ಅದು ಬಂದು ಎಲೆಯನ್ನೆಲ್ಲ ಮುಗಿಸಿದ್ದು ಸುಳ್ಳಲ್ಲ; ಆದರೆ ಭರಣಿಗೆ ಮೊಳೆತಿದ್ದ ಗಿಡಗಳು ಅಷ್ಟರಲ್ಲಿ ತಮ್ಮ ಬೀಜವನ್ನು ಉದುರಿಸಿ ಆಗಿತ್ತು. ನೀವು ಕಂಡ ಕಡ್ಡಿಗಳಲ್ಲಿ ಎಷ್ಟೋ ಕಡ್ಡಿಗಳು ಕೆಲಸ ಮುಗಿಸಿದ ಗಿಡಗಳ ದೇಹಗಳು.

ಹಾಗಾದರೆ ದುಂಬಿಯಿಂದ ಏನೂ ಪ್ರಯೋಜನವಿಲ್ಲವೇ ಎಂದರೆ, ಹಾಗೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ತಡವಾಗಿ ಮೊಳೆತ ಗಿಡಗಳನ್ನು ಅದು ಹೂವಿಗೆ ಬರಲು ಬಿಡುವುದಿಲ್ಲ. ಪಾರ್ಥೇನಿಯಂನ ನೆರಳು ಸರಿದ ಕಡೆ ಬೇರೆ ಗಿಡಗಂಟಿಗಳು ಮರಳಿ ತಲೆಯೆತ್ತಿದ್ದನ್ನು ಬೆಂಗಳೂರಿನ ಸುತ್ತ ಸಂಶೋಧಕರೇ ಗುರುತಿಸಿದ್ದಾರೆ. ಮೇಲಾಗಿ, ಇಲ್ಲಿ ಬಿಟ್ಟ ದುಂಬಿ ಉತ್ತರ ಭಾರತಕ್ಕೂ ಹಬ್ಬಿ, ಗಡಿ ದಾಟಿ ನೇಪಾಳ, ಪಾಕಿಸ್ತಾನಗಳನ್ನೂ ತಲುಪಿದೆ; ಕಾಸು ಖರ್ಚಿಲ್ಲದೆ ಇಷ್ಟು ದೂರ ದುಡಿಯುವ ಆಳು ಬೇರೆ ಯಾರೂ ಸಿಗುವುದಿಲ್ಲ. ಅದರಿಂದ ಇಡೀ ವರ್ಷದ ಕೆಲಸವನ್ನು ನಿರೀಕ್ಷಿಸುವುದು ತಪ್ಪು. ಒಂದು ಎಚ್ಚರಿಕೆಯನ್ನೂ ಇಲ್ಲಿ ಸೇರಿಸಬೇಕು. ಈ ಗಿಡದ ಮೈಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಚರ್ಮದ ತುರಿಕೆ, ಉರಿಗಳಿಗೆ ಮುಖ್ಯ ಕಾರಣ ಅದೇ. ದುಂಬಿ ತಿಂದು ಬಿಟ್ಟ ಒಣಕಡ್ಡಿಯ ಪುಡಿಯಲ್ಲೂ ಅದು ಉಳಿದಿರುವುದರಿಂದ, ಎಲೆಯಿಲ್ಲವೆಂದು ಬರಿಗೈಯಲ್ಲಿ ಕಡ್ಡಿ ಕೀಳಲು ಹೋಗಬಾರದು.

ಸೂರ್ಯಕಾಂತಿಯ ಬಗ್ಗೆ ನಿಮಗಿರುವ ಆತಂಕಕ್ಕೆ ಇತಿಹಾಸವಿದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಕೆಲವು ಹೊಲಗಳಲ್ಲಿ ಈ ದುಂಬಿಗಳು ಸೂರ್ಯಕಾಂತಿ ಎಲೆಯನ್ನು ಕಚ್ಚಿದ್ದು ಕಂಡುಬಂದಾಗ ದೊಡ್ಡ ಗದ್ದಲವೇ ಎದ್ದು, ದುಂಬಿಯನ್ನು ಹೊಸ ಕಡೆ ಬಿಡುವುದಕ್ಕೆ ತಡೆ ಬಿತ್ತು, ಸತ್ಯಶೋಧನೆಗೆ ಸಮಿತಿಯೂ ಆಯಿತು. ಸೂರ್ಯಕಾಂತಿಯೂ ಪಾರ್ಥೇನಿಯಂನ ಕುಟುಂಬದ್ದೇ ಆದ್ದರಿಂದ ಅನುಮಾನ ಸಹಜವಾಗಿತ್ತು. ಪರಿಶೀಲಿಸಿದಾಗ ತಿಳಿದ ಸಂಗತಿ ಕುತೂಹಲಕರವಾದದ್ದು: ಹೊಲದ ಅಂಚಿನಲ್ಲಿ ಹೂಬಿಟ್ಟ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಗಳ ಮೇಲೆ ಉದುರಿತ್ತು, ಆ ಪರಾಗದ ವಾಸನೆಗೂ ರುಚಿಗೂ ಮೋಸಹೋಗಿ ದುಂಬಿ ಕೆಳಗಿನ ಎಲೆಯನ್ನೂ ಕಚ್ಚಿತ್ತು. ಪಾರ್ಥೇನಿಯಂ ಮುಗಿದು ಹಸಿದ ದುಂಬಿಗಳು ಗುಂಪಾಗಿ ಹೊರಟ ಸಮಯದಲ್ಲಿ ಹೀಗಾಗುವ ಸಂಭವ ಹೆಚ್ಚು. ಅಂದಿನಿಂದ ಮೂರು ದಶಕಗಳೇ ಕಳೆದಿವೆ, ದುಂಬಿ ದೇಶದ ಬಹುಭಾಗಕ್ಕೆ ಹರಡಿದೆ. ಆದರೂ ಅದು ಸೂರ್ಯಕಾಂತಿಯ ಪೀಡೆಯಾಗಿ ಎಲ್ಲೂ ನೆಲೆಯೂರಿಲ್ಲ. ನಿಮ್ಮ ಬೆಳೆಯ ಅಂಚಿನ ಎರಡು ಮೂರು ಸಾಲುಗಳಲ್ಲಿ ಅಲ್ಲಲ್ಲಿ ತೂತು ಕಂಡರೆ ಗಾಬರಿಯಾಗಿ ಔಷಧ ಸಿಂಪಡಿಸಬೇಡಿ. ಹೊಲಕ್ಕೆ ತಾಗಿದ ಪಾರ್ಥೇನಿಯಂ ಅನ್ನು ಹೂ ಬರುವ ಮೊದಲೇ ತೆಗೆದಿದ್ದರೆ ಪರಾಗದ ಈ ತೊಂದರೆಯೇ ಇರುವುದಿಲ್ಲ.

ದುಂಬಿಗಿರುವ ಸಮಯದ ಕೊರತೆಯನ್ನು ನೀವು ತುಂಬಿಕೊಡಬೇಕು. ಭರಣಿ, ಕೃತ್ತಿಕೆ ಮಳೆಗಳಿಗೆ ಮೊಳೆತ ಗಿಡಗಳನ್ನು ಮಣ್ಣು ಹಸಿಯಾಗಿರುವಾಗಲೇ, ಎಲೆಚಕ್ರದ ಹಂತದಲ್ಲೇ, ಕೈಗವಸು ತೊಟ್ಟು ಬೇರುಸಮೇತ ಕೀಳಿಸಿ. ನೆಲಮಟ್ಟಕ್ಕೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂವಿಲ್ಲದ ಹಂತದಲ್ಲಿ ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹೂ ಬಂದದ್ದನ್ನು ಹಾಕಬಾರದು. ಬದುವಿನಲ್ಲಿ ನೆಲ ಬರಿದಾಗಿ ಬಿಟ್ಟಿದ್ದರೆ ಪಾರ್ಥೇನಿಯಂ ಮರಳಿ ಬರುವುದು ಖಚಿತ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ. ಮಹಾದೇವಪ್ಪನವರು ಇಂಥ ಜಾಗಗಳಲ್ಲಿ ಕ್ಯಾಸಿಯಾ ಸೆರಿಸಿಯಾ ಎಂಬ, ತಗಚೆಯ ಬಳಗದ ಗಿಡವನ್ನು ಎದುರಾಳಿಯಾಗಿ ಬೆಳೆಸುವ ವಿಧಾನವನ್ನು ವರ್ಷಗಟ್ಟಲೆ ಪ್ರಚಾರ ಮಾಡಿದ್ದರು. ನನ್ನ ಮಟ್ಟಿಗೆ ಬದುವಿಗೆ ಮೇವಿನ ಹುಲ್ಲೇ ಮೇಲು. ಜಾಗವೂ ತುಂಬುತ್ತದೆ, ದನಕ್ಕೂ ಆಗುತ್ತದೆ.

ದುಂಬಿಗಳನ್ನು ತಂದು ಬಿಡುವುದಕ್ಕೆ ಅಡ್ಡಿಯಿಲ್ಲ. ಆದರೆ ನಿಮ್ಮಲ್ಲಿ ಕಳೆದ ವರ್ಷ ಅಷ್ಟೊಂದು ಇದ್ದವೆಂದ ಮೇಲೆ ಅವುಗಳಲ್ಲಿ ಬಹಳಷ್ಟು ನಿಮ್ಮ ಬದುವಿನ ಮಣ್ಣಿನಲ್ಲೇ ಮಲಗಿ ಎದ್ದಿರಬೇಕು. ಡಿಸೆಂಬರ್‌ನಿಂದ ಮೇ ತನಕ ಆ ಬದುವನ್ನು ಅಗೆಸದೆ, ಬೆಂಕಿ ಹಾಕದೆ ಬಿಡುವುದು ಹೊಸ ದುಂಬಿಗಳನ್ನು ತರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ದುಂಬಿ ಇನ್ನೂ ಬಾರದ ಬೇರೆ ಜಾಗವಿದ್ದರೆ, ಜುಲೈ ಅಥವಾ ಆಗಸ್ಟ್‌ನಲ್ಲಿ, ಮಳೆ ಬಿದ್ದ ಮರುದಿನ ಬೆಳಿಗ್ಗೆ, ಅವು ಹಾರಲು ಇನ್ನೂ ಚುರುಕಾಗದ ಹೊತ್ತಿನಲ್ಲಿ ಗಿಡದಡಿಗೆ ಅಗಲವಾದ ಪಾತ್ರೆ ಹಿಡಿದು ಕೊಂಬೆ ಅಲುಗಿಸಿ. ಉದುರಿದವನ್ನು ಸಣ್ಣ ತೂತುಗಳಿರುವ ರಟ್ಟಿನ ಡಬ್ಬಿಗೆ ಒಂದಷ್ಟು ಪಾರ್ಥೇನಿಯಂ ಎಲೆಯೊಡನೆ ಹಾಕಿ, ಬಿಸಿಲಿಗೆ ಇಡದೆ ಒಯ್ದು, ಅದೇ ಸಂಜೆ ಇನ್ನೂ ಹೂ ಬಾರದ ಎಳೆಯ ಗಿಡಗಳಿರುವ ಒಂದೇ ಜಾಗದಲ್ಲಿ ಎಲ್ಲವನ್ನೂ ಬಿಡಿ. ಹೊಲದುದ್ದಕ್ಕೂ ನಾಲ್ಕು ನಾಲ್ಕರಂತೆ ಹಂಚಿದರೆ ಗಂಡಿಗೆ ಹೆಣ್ಣು ಸಿಗುವುದೇ ಕಷ್ಟವಾಗುತ್ತದೆ. ಡಬ್ಬಿಗೆ ಹಾಕುವ ಎಲೆಯ ಕೊಂಬೆಯಲ್ಲಿ ಹೂವಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಹೂವಿದ್ದರೆ ದುಂಬಿಯ ಜೊತೆಗೆ ಬೀಜವನ್ನೂ ನೀವೇ ಹೊತ್ತೊಯ್ದಂತಾಗುತ್ತದೆ.